ಬೆಂಕಿಪೊಟ್ಟಣದ ಹಾಲುಹಲ್ಲು

ಶವದ ಗಾಡಿ ಗೇಟಿಗೆ ಬಂದು ನಿಂತಾಗ ಅಚ್ಚಿನಕ್ಕ ಒಳಕೋಣೆಯ ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದಳು, ಒಂದು ಅಂಗೈ ಬಾಯಿಯ ಮೇಲೆ. ಹಲ್ಲಿನ ಅಚ್ಚು ತೆಗೆಯುವ ಕೆಲಸದಿಂದ ಅಂಟಿದ ಹೆಸರು ಅದು. ಹೊರಗೆ ಚಟ್ಟದ ಮೇಲೆ ತಣ್ಣಗೆ ಮಲಗಿದ್ದ ಹಲ್ಲಿನ ಡಾಕ್ಟರಮ್ಮನ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ಪ್ಲಾಸ್ಟರ್ ಕಲಸಿದವಳು. ಎದುರಿಗೆ ನೀರಿನ ಇಲಾಖೆಯ ಸಾಹೇಬರು. ತಂದ ಹೂವಿನ ಹಾರ ಇನ್ನೂ ಅವರ ಕೈಯಲ್ಲೇ ಇತ್ತು.

ಬೀರುವಿನ ತುಂಬ ಬೆಂಕಿಪೊಟ್ಟಣಗಳು. ಒಂದೊಂದರಲ್ಲೂ ಒಂದು ಮಗುವಿನ ಉದುರಿದ ಹಾಲುಹಲ್ಲು. ಮೇಲೆ ಮಗುವಿನ ಹೆಸರು, ನೀರು ಕುಡಿದ ಬಾವಿ. ಗುಡ್ಡದ ಕೇರಿಯವರ ಹಲ್ಲು ಕಂದಾಗುವುದು, ಮುಂದೆ ಮೂಳೆ ಸೊಟ್ಟಗಾಗುವುದು ಆಳದ ಬಾವಿಯ ಫ್ಲೋರೈಡಿನಿಂದ ಎಂದು ಆ ಸೀಮೆಗೆ ಮೊದಲು ತೋರಿಸಿಕೊಟ್ಟದ್ದು ಈ ಪೊಟ್ಟಣಗಳೇ. ಇಪ್ಪತ್ತೆರಡು ವರ್ಷದ ಹಿಂದೆ ಬಾವಿಗೆ ಬೀಗ ಬಿತ್ತು. ಈಗ ಡಾಕ್ಟರಮ್ಮ ಕಣ್ಣು ಮುಚ್ಚಿದ್ದೇ ತಡ, ಆ ಬೀಗ ತೆಗೆಯುವ ಮಾತು ಎದ್ದಿತ್ತು.

ಇಲಾಖೆಯಲ್ಲಿ ಜೋಪಾನವಾಗಿ ಇಡುತ್ತೇವೆ, ಬೀರುವಿನ ಬೀಗದಕೈ ಕೊಡಿ ಎಂದು ಸಾಹೇಬರು ಮೂರನೇ ಸಲ ಹೇಳಿದರು.

"ಹಾಲಿಗೆ ಬೆಕ್ಕನ್ನ ಕಾವಲು ಕೂರಿಸಿದ ಹಾಗಾಯ್ತು," ಎಂದಳು ಬಾಗಿಲಲ್ಲಿ ಕೂತಿದ್ದ ಡಾಕ್ಟರಮ್ಮನ ಅಕ್ಕ, ಮೂಗೊರೆಸಿಕೊಳ್ಳುತ್ತ.

*

ಅಚ್ಚಿನಕ್ಕ ಕೆಲಸ ಕೇಳಿ ಬಂದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಬಾಯಿಗೆ ಕೈ ಅಡ್ಡ ಹಿಡಿದೇ. ಗುಡ್ಡದ ಕೇರಿಯಲ್ಲಿ ನಗುವುದೂ ಅಳುವುದೂ ಅಂಗೈ ಮರೆಯಲ್ಲಿ.

"ಕೈ ತೆಗಿಯೇ," ಎಂದಿದ್ದರು ಡಾಕ್ಟರಮ್ಮ. "ಅದು ನಿನ್ನ ಕೊಳಕಲ್ಲ. ನೀರು ಬರೆದಿರೋ ಬರಹ. ಓದೋಕೆ ಬಿಡು."

ಅವಳು ತೆಗೆಯಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ.

ಮೊದಲ ವರ್ಷ ಬಂದ ಹಲ್ಲೆಲ್ಲ ಹಾಳು. ಕಲೆ ಡಾಕ್ಟರ ಕಣ್ಣಿಗೆ ಬೀಳುತ್ತದಲ್ಲ ಎಂದು ನಾಚಿ, ತಾಯಂದಿರು ಇಟ್ಟಿಗೆ ಪುಡಿ ಹಾಕಿ ಉಜ್ಜಿ, ಮೇಲ್ಪದರವೇ ಹೋಗುವಂತೆ ಬೆಳಗಿ ಕಳಿಸಿದ್ದರು. ಅದರಲ್ಲಿ ಅಚ್ಚಿನಕ್ಕನ ತಾಯಿಯದೇ ಎತ್ತಿದ ಕೈ. ಡಾಕ್ಟರಮ್ಮ ಬೈಯಲಿಲ್ಲ. ಪಾತ್ರೆ ಬೆಳಗಿ, ಹಲ್ಲು ಬೆಳಗಬೇಡಿ ಎಂದು ಮನೆಮನೆಗೂ ಹೇಳಿ, ಮರುವರ್ಷ ಮೊದಲಿಂದ ಶುರು ಮಾಡಿದರು.

*

"ಹಳೇ ಕತೆ ಬಿಡಮ್ಮ," ಎಂದರು ಸಾಹೇಬರು. "ಆ ಕಲೆ ಈಗ ಎಲ್ಲಿದೆ? ಒಬ್ಬರ ಬಾಯಲ್ಲಾದ್ರೂ ತೋರಿಸು ನೋಡೋಣ."

ಅಚ್ಚಿನಕ್ಕ ಬಾಯಿಯ ಮೇಲಿನ ಕೈ ತೆಗೆದಳು. ತುಕ್ಕು ಹಿಡಿದಂತಿದ್ದ, ಅಲ್ಲಲ್ಲಿ ಕುಳಿಬಿದ್ದ ಹಲ್ಲು. ಸಾಹೇಬರು ಕಿಟಕಿಯತ್ತ ತಿರುಗಿದರು.

"ಆ ಕಡೆ ಏನು ನೋಡ್ತೀರಿ? ಇಲ್ಲಿ ನೋಡಿ. ಇದನ್ನ ಜೋಪಾನ ಮಾಡ್ತೀರಾ?"

ಬೀಗದಕೈಯನ್ನು ಡಾಕ್ಟರಮ್ಮನ ಅಕ್ಕನ ಮಡಿಲಿಗೆ ಹಾಕಿ, ಶವಕ್ಕೆ ಹೆಗಲು ಕೊಡಲು ಹೊರಗೆ ನಡೆದಳು. ಎರಡೂ ಕೈ ಚಟ್ಟದ ಮೇಲಿದ್ದವು. ಬಾಯಿ ಮುಚ್ಚಲು ಮೂರನೆಯದು ಇರಲಿಲ್ಲ.

ಗುಡ್ಡದ ಕೇರಿಯವರು ದಾರಿಯ ಎರಡೂ ಬದಿಗೆ ಅಂಗೈ ಮರೆಯಲ್ಲೇ ಅಳುತ್ತಿದ್ದರು. ಅವಳ ಮುಖ ಕಂಡು ಮೊದಲು ಒಬ್ಬ ಮುದುಕಿಯ ಕೈ ಇಳಿಯಿತು. ಆಮೇಲೆ ಪಕ್ಕದವಳದು. ಗೇಟಿನವರೆಗೂ ಕಂದು ಹಲ್ಲಿನ ತಾಯಂದಿರು, ಅವರ ಮಗ್ಗುಲಲ್ಲಿ ಬಿಳಿ ಹಲ್ಲಿನ ಹೆಣ್ಣುಮಕ್ಕಳು, ಬಾಯಿಬಿಟ್ಟು ಅಳುತ್ತ ನಿಂತರು.

ಸಾಹೇಬರಿಗೆ ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ. ಹಾರ ಹಿಡಿದುಕೊಂಡು ಆ ಎರಡು ಸಾಲಿನ ನಡುವೆಯೇ ನಡೆದರು.