ಪುಟ್ಟಕ್ಕನ ಎಡೆಗೆ ಇಟ್ಟ ಹೊಗೆಸೊಪ್ಪು

ಪುಟ್ಟಕ್ಕ ತೀರಿಕೊಂಡಳೆಂದು ಬೆಂಗಳೂರಿನ ಆಸ್ಪತ್ರೆಯಿಂದ ಫೋನು ಬಂದಾಗ ಅವಳ ಅಣ್ಣ ದೊಡ್ಡತಿಮ್ಮಪ್ಪನವರು ಮಡಕಶಿರದಲ್ಲಿ, ಅವಳದೇ ರೇಷ್ಮೆಹುಳದ ಮನೆಯಲ್ಲಿ, ಅವಳ ಬದಲು ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ಕೈಲಿದ್ದ ಸೊಪ್ಪನ್ನು ಹರಡಿ ಮುಗಿಸಿದರು. ಹುಳ ಹಸಿದಿರಬಾರದೆಂಬುದು ತಂಗಿಯ ಮಾತು. ಆಮೇಲೆ ಗೋಡೆಗೊರಗಿ ಅತ್ತರು.

ಪುಟ್ಟಕ್ಕನ ಅಂಗುಳಿನಲ್ಲಿ ಎದ್ದದ್ದು ಕಡಲೆಬೀಜದಷ್ಟು ಗಂಟು, ನೋವಿರಲಿಲ್ಲ. ಜೊಲ್ಲು ಸುರಿಸುವ ಪುಟ್ಟ ಗ್ರಂಥಿಯ ಕ್ಯಾನ್ಸರ್ ಇದು, ಬಲು ಅಪರೂಪ, ಹೊಗೆಸೊಪ್ಪು ಮುಟ್ಟದವರಿಗೂ ಬರುತ್ತದೆ ಎಂದಿದ್ದರು ಡಾಕ್ಟರು. ಆದರೆ ಹೊಗೆಸೊಪ್ಪು ಹಾಕುತ್ತಾಳೆಂದು ಊರು ಆಡಿಕೊಂಡೀತೆಂದು ಅಂಜಿ ಪುಟ್ಟಕ್ಕ ಬಹಳ ಕಾಲ ಯಾರಿಗೂ ಹೇಳಿರಲಿಲ್ಲ; ಡಾಕ್ಟರಿಗೆ ತೋರಿಸುವಷ್ಟರಲ್ಲಿ ತಡವಾಗಿತ್ತು.

ಹಾಲುತುಪ್ಪದ ದಿನ ನೆಂಟರೆಲ್ಲ ಅವಳನ್ನು ಮಣ್ಣು ಮಾಡಿದ ಗುಡ್ಡೆಯ ಬಳಿ ಸೇರಿದರು. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗಿಡುವುದು ವಾಡಿಕೆ. ಮುದ್ದೆ, ಹುರುಳಿ ಸಾರು, ಒಬ್ಬಟ್ಟು ಇಟ್ಟದ್ದಾಯಿತು. ದಾಯಾದಿ ಓಬಣ್ಣ ಸೊಂಟದಿಂದ ಹೊಗೆಸೊಪ್ಪಿನ ಎಸಳು ತೆಗೆದು ಎಲೆಯ ತುದಿಗಿಟ್ಟ.

“ಇದ್ಯಾಕೋ?” ಎಂದರು ತಿಮ್ಮಪ್ಪನವರು.

“ಇರ್ಲಿ ಬಿಡಣ್ಣ. ಬಾಯಿಗೆ ಅಂಥ ಕಾಯ್ಲೆ ಸುಮ್ನೆ ಬತ್ತದಾ? ಕದ್ದುಮುಚ್ಚಿ ಹಾಕ್ಕಂತಿದ್ಲೇನೋ. ಈಗ್ಯಾಕೆ ನಾಚ್ಕೆ?”

ಕೆಲವರು ಹೌದೆಂದು ತಲೆಯಾಡಿಸಿದರು. ಪಕ್ಕದ ಮನೆಯ ನಾಗವೇಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ತಿಮ್ಮಪ್ಪನವರು ಎಸಳನ್ನೆತ್ತಿ ಓಬಣ್ಣನ ಅಂಗೈಗೇ ಇಟ್ಟರು. “ನಮ್ಮ ಪುಟ್ಟಿ ನಿನ್ನ ಒಂದು ದಿನನಾದ್ರೂ ಹುಳದ ಮನೆ ಒಳಕ್ಕೆ ಬಿಟ್ಟವ್ಳೇನೋ?”

ಓಬಣ್ಣ ತಲೆ ಕೆರೆದುಕೊಂಡ. “ಎಲ್ಲಿ ಬಿಡ್ತಿದ್ಲು! ಹೊಗೆಸೊಪ್ಪಿನ ಕೈ ತಾಗಿದ್ರೆ ಹುಳ ಸಾಯ್ತವೆ ಅಂತ ಪೊರಕೆ ತಕ್ಕಂಡು ಓಡಿಸ್ತಿದ್ಲು.”

“ಅವ್ಳೇ ಹಾಕ್ಕಂತಿದ್ರೆ ಇಷ್ಟು ವರ್ಷ ಹುಳ ಗೂಡು ಕಟ್ತಿದ್ವಾ? ಹುಳಕ್ಕೆ ಗೊತ್ತಿದ್ದದ್ದು ನಿಂಗೆ ಗೊತ್ತಾಗ್ಲಿಲ್ವಲ್ಲೋ!”

ಯಾರೋ ನಕ್ಕರು. ಓಬಣ್ಣ ಎಸಳನ್ನು ಬೇಲಿಯಾಚೆ ಎಸೆದು ಗುಡ್ಡೆಗೆ ಕೈಮುಗಿದ. “ತಪ್ಪಾಯ್ತು ಕಣವ್ವ.”

ಆಗ ನಾಗವೇಣಿ ಮುಂದೆ ಬಂದಳು. “ದೊಡ್ಡಪ್ಪ, ನನ್ನ ಕೆನ್ನೆ ಒಳಗೂ ಒಂದು ಗಂಟೈತೆ. ಜನ ಏನಂತಾರೋ ಅಂತ ಸುಮ್ಕಿದ್ದೆ.”

ತಿಮ್ಮಪ್ಪನವರು ಅವಳ ತಲೆಯ ಮೇಲೆ ಕೈಯಿಟ್ಟರು. “ಗಂಟೆಲ್ಲ ಕೆಟ್ಟದ್ದೇ ಆಗಿರಾಕಿಲ್ಲ ಕಣವ್ವ. ನಾಳೆ ಮೊದಲ್ನೇ ಬಸ್ಸಿಗೆ ಹಿಂದೂಪುರದಾಗೆ ತೋರಿಸ್ಕಂಡು ಬರಾಣ, ನಾನೂ ಬತ್ತೀನಿ. ಅನ್ನೋರಿಗೆ ಓಬಣ್ಣ ಜವಾಬು ಕೊಡ್ತಾನೆ.”

“ಕೊಡ್ತೀನಿ, ಪೊರಕೆ ತಕ್ಕಂಡೇ ಕೊಡ್ತೀನಿ!” ಎಂದ ಓಬಣ್ಣ.

ತಿಮ್ಮಪ್ಪನವರು ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು ಕಣ್ಣು ಮುಚ್ಚಿದರು.

“ತಂದೆ ವೆಂಕಟರಮಣ, ನನ್ನ ತಂಗಿ ಹೇಳ್ಕಳ್ಳಾಕಾಗ್ದೆ ನೊಂದವ್ಳು. ಇನ್ನ ಅವ್ಳಿಗೆ ಅಂಜಿಕೆ ಬ್ಯಾಡ. ನಿನ್ನ ಪಾದದ ನೆಳ್ಳಲ್ಲಿ ಅವ್ಳ ಜೀವ ತಣ್ಣಗಿರ್ಲಿ.”