ಕತ್ತರಿ ಮೇಡಂ ಕೈ

ಆ ಹೊಲಿಗೆ ಅಂಗಡಿಯಲ್ಲಿ ಅಕ್ಕನದು ಕೈ, ತಂಗಿಯದು ಬಾಯಿ. ಅಪ್ಪ ಬಿಟ್ಟುಹೋದ ಒಂದು ಕೋಣೆ, ಕತ್ತರಿಸುವ ಮೇಜು, ಎರಡು ಯಂತ್ರ. ಹತ್ತು ವರ್ಷ ಹೀಗೇ ನಡೆದಿತ್ತು. ಗಿರಾಕಿಗಳು ಕಡಿಮೆಯಾದಾಗ ತಂಗಿ ಮೇಜಿನ ಮೇಲ್ಗಡೆ ಫೋನು ಕಟ್ಟಿ, ಅಕ್ಕ ಬಟ್ಟೆ ಕತ್ತರಿಸುವುದನ್ನು ವಿಡಿಯೊ ಮಾಡಿ ಹಾಕತೊಡಗಿದಳು. ಮುಖ ತೋರಿಸಲು ಅಕ್ಕ ಸುತರಾಂ ಒಪ್ಪಲಿಲ್ಲ. “ಕೈ ಬೇಕಾದ್ರೆ ತಗೋ. ಈ ವಯಸ್ಸಲ್ಲಿ ನನ್ನ ಮುಖ ಯಾರಿಗೆ ಬೇಕು?” ಅಂದಳು. ಸರಿ, ಮುಖ ತಂಗಿಯದಾಯಿತು. ಮೊದಲು ನಗುನಗುತ್ತಾ ನಾಲ್ಕು ಮಾತು, ಆಮೇಲೆ ಮೇಜು ಮತ್ತು ಕೈ. ನೋಡುವವರು ಎರಡೂ ಒಬ್ಬಳದೇ ಅಂದುಕೊಂಡರು, ತಂಗಿ ಅಲ್ಲವೆನ್ನಲಿಲ್ಲ. ಹೀಗೆ ಅವಳು ‘ಕತ್ತರಿ ಮೇಡಂ’ ಆದಳು. ವರ್ಷ ತುಂಬುವುದರೊಳಗೆ ಎರಡು ಲಕ್ಷ ಜನ ನೋಡತೊಡಗಿದರು, ನೂಲಿನ ಕಂಪನಿಯವರು ತಾವಾಗಿಯೇ ನೂಲು ಕಳಿಸಿದರು, ಅಂಗಡಿಗೆ ಮತ್ತೆ ಕೈತುಂಬ ಕೆಲಸ ಬಂತು.

ತೊಡಕು ಒಂದೇ. ಅಕ್ಕ ಎಡಗೈಯವಳು. ಮುಖ ಕಾಣುವಾಗ ಸೀಮೆಸುಣ್ಣ ಹಿಡಿಯುವುದು ತಂಗಿಯ ಬಲಗೈ, ಮೇಜಿನ ಮೇಲೆ ಕತ್ತರಿ ಹಿಡಿಯುವುದು ಎಡಗೈ ಎಂದಾದರೆ ಗುಟ್ಟು ರಟ್ಟಾಗುತ್ತದಲ್ಲ. ಅದಕ್ಕೆ ತಂಗಿ ಕೈಯ ಚಿತ್ರವನ್ನು ಫೋನಿನಲ್ಲೇ ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿದಳು, ಎಡಗೈ ಬಲಗೈಯಾಯಿತು. ಟೇಪಿನ ಅಂಕಿಗಳು ತಿರುಗುಮುರುಗಾಗಿ ಕಾಣುತ್ತವೆಂದು ಅಳತೆಯ ಗುರುತು ಮೊದಲೇ ಹಾಕಿಸಿ, ಟೇಪನ್ನು ಎತ್ತಿಡಿಸಿದಳು. ತಿರುಗಿಸಿದ ಚಿತ್ರ ನೋಡಿಕೊಂಡೇ ಮಾತು ಸೇರಿಸಿದಳು. ಎಷ್ಟು ಚುರುಕು ತಲೆ ನೋಡಿ! ಟೇಪು ನೆನಪಾಯಿತು, ಗುಂಡಿಪಟ್ಟಿ ನೆನಪಾಗಲಿಲ್ಲ. ಗಂಡಸರ ಅಂಗಿಗೆ ತೊಟ್ಟವರ ಎಡಕ್ಕೆ ಗುಂಡಿ ತೂರಿಸುವ ಕಾಜಾ, ಬಲಕ್ಕೆ ಗುಂಡಿ. ಅವಳ ವಿಡಿಯೊದಲ್ಲಿ ಅದು ಅದಲುಬದಲಾಗಿ ಹೆಂಗಸರ ಅಂಗಿಯ ಹಾಗಾಗಿತ್ತು. ಒಬ್ಬಿಬ್ಬರು ಬರೆದು ಕೇಳಿಯೂ ಇದ್ದರು. ಹೊಟ್ಟೆಕಿಚ್ಚಿನವರು ಎಂದುಕೊಂಡು ಪೂರ್ತಿ ಓದದೆಯೇ ಅಳಿಸಿದ್ದಳು.

ಒಂದು ಮಧ್ಯಾಹ್ನ ದೂರದ ಊರಿನ ಹೆಂಗಸೊಬ್ಬಳು ಮಾತನ್ನು ರೆಕಾರ್ಡ್ ಮಾಡಿ ಕಳಿಸಿದಳು.

“ಮೇಡಂ, ನಿಮ್ಮನ್ನ ನೋಡ್ಕೊಂಡೇ ಹೊಲಿಗೆ ಕಲ್ತೆ. ಮೊದಲ್ನೇ ಸಲ ದೊಡ್ಡ ಕೆಲಸ ಸಿಕ್ಕಿತ್ತು, ಕಾವಲುಗಾರರಿಗೆ ಅರವತ್ತು ಅಂಗಿ. ಎಲ್ಲಾ ವಾಪಸ್ ಬಂತು. ಹೆಂಗಸರ ಅಂಗಿ ಅಂತ ನಕ್ಕರಂತೆ. ನಾನು ಎಲ್ಲಿ ತಪ್ಪಿದೀನಿ ಅಂತ ಹೇಳ್ತೀರಾ?”

ತಂಗಿ ಗಂಡಸರ ಅಂಗಿಯ ವಿಡಿಯೊ ತೆಗೆದು ನೋಡಿದಳು; ಕಾಜಾ ಬಲಕ್ಕಿತ್ತು. ನಿಜ ಹೇಳಿದರೆ ಕೈ ಯಾರದೆಂಬುದೂ ಹೊರಬೀಳುತ್ತದೆ, ಕಟ್ಟಿದ ಹೆಸರು ಮಣ್ಣುಪಾಲಾಗುತ್ತದೆ. ಹಾಗಾಗಿ ಬರೆದಳು: ‘ನೀವು ಬಟ್ಟೆ ಮಗುಚಿ ಹಾಸಿರಬೇಕು.’

ಉತ್ತರ ತಕ್ಷಣ ಬಂತು, ಮತ್ತೆ ರೆಕಾರ್ಡ್ ಮಾಡಿದ ಮಾತು. ತಂಗಿ ಅವಸರದಲ್ಲಿ ಒತ್ತಿದ್ದರಿಂದ ಅಂಗಡಿಗೆಲ್ಲ ಕೇಳಿಸಿತು.

“ಹಾಗೇ ಇರ್ಬೇಕು ಮೇಡಂ. ನನ್ನ ಕೈಯೇ ಸರಿಯಿಲ್ಲ. ಮನೇಲೂ ಅದೇ ಹೇಳ್ತಿದ್ರು. ಮಷೀನ್ ಮಾರ್ಬಿಡ್ತೀನಿ. ನಿಮ್ಗೆ ಸುಮ್ನೆ ತೊಂದ್ರೆ ಕೊಟ್ಟೆ.”

ಅಕ್ಕ ತುಳಿಯುತ್ತಿದ್ದ ಯಂತ್ರವನ್ನು ನಿಲ್ಲಿಸಿದಳು. “ಏನಾಯ್ತು ಆಕೆಗೆ? ಯಾವ ವಿಡಿಯೊ, ತೋರ್ಸು.”

ನಂಬಿದರೆ ನಂಬಿ, ಈ ಎರಡು ವರ್ಷದಲ್ಲಿ ಅವಳು ಒಂದು ವಿಡಿಯೊವನ್ನೂ ನೋಡಿದವಳಲ್ಲ. ಕನ್ನಡಕ ಏರಿಸಿ ನೋಡಿದಳು.

“ಇದ್ಯಾರ ಕೈ?”

“ನಿಂದೇ ಅಕ್ಕಾ. ತಿರುಗ್ಸಿದೀನಿ.”

ಅಕ್ಕ ಕೊನೆಯವರೆಗೂ ನೋಡಿದಳು. ಆಮೇಲೆ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದಳು: “ಈ ಕೈ ಬಿಡ್ಸೋಕೆ ಅಮ್ಮ ಎಷ್ಟು ಹೊಡೆದ್ಲು. ಮೇಷ್ಟ್ರು ಬೆರಳು ಕಟ್ಟಿಹಾಕಿದ್ರು. ಯಾರ ಕೈಲೂ ಆಗ್ಲಿಲ್ಲ. ನೀನು ಮಾಡ್ಬಿಟ್ಟೆ ನೋಡು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಂಗಿಗೆ ಅಳು ಒತ್ತರಿಸಿ ಬಂತು. “ಈಗ್ಲೇ ಅಳಿಸ್ತೀನಿ ಅಕ್ಕಾ.”

“ಅಳಿಸ್ಕೋ. ಆಕೆ ಮಷೀನ್ ಮಾರೋದು ನಿಲ್ಲುತ್ತಾ?”

“ಹೇಳಿದ್ರೆ ಎಲ್ಲಾ ಹೋಗುತ್ತೆ. ಎಷ್ಟು ಕಷ್ಟಪಟ್ಟು ಕಟ್ಟಿದೀನಿ ಗೊತ್ತಲ್ಲ.”

“ಹೋಗುತ್ತೆ,” ಎಂದಳು ಅಕ್ಕ.

ತಂಗಿ ಬಾಗಿಲ ಬಳಿ ಹೋಗಿ ಬಂದಳು, ನೀರು ಕುಡಿದಳು, ಮತ್ತೆ ಬಾಗಿಲಿಗೆ ಹೋದಳು. ಕೊನೆಗೆ ಆ ಹೆಂಗಸಿಗೆ ಫೋನು ಮಾಡಿದಳು. ತಪ್ಪು ನಿಮ್ಮದಲ್ಲ, ನನ್ನದು ಎಂದು ಶುರುಮಾಡಿ, ಏನನ್ನೂ ಮುಚ್ಚಿಡದೆ ಹೇಳಿದಳು.

“ಅಂದ್ರೆ ಕೈ ನಿಮ್ದಲ್ವಾ?”

“ಅಲ್ಲ.”

“ದಿನಾ ನಿಮ್ಮ ಮುಖ ನೋಡ್ಕೊಂಡೇ ಕೆಲಸಕ್ಕೆ ಕೂತ್ಕೊಳ್ತಿದ್ದೆ.” ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋಯಿಸಿತು. “ಆ ಕೈಯವ್ರು ಅಲ್ಲೇ ಇದಾರಾ? ಅವ್ರಿಗೆ ಕೊಡಿ ಫೋನು.”

ತಂಗಿ ಕೊಟ್ಟಳು. ಗಿರಾಕಿ ಬಂದರೂ ತಲೆಯೆತ್ತದ ಅಕ್ಕ ಗಂಟಲು ಸರಿಮಾಡಿಕೊಂಡು, ಅಂಗಿಯ ಮುಂಭಾಗದ ಎರಡು ಹೋಳನ್ನಷ್ಟೇ ಬಿಚ್ಚಿ ಹೊಸದನ್ನು ಹೇಗೆ ಕೂರಿಸಬೇಕೆಂದು ಹೇಳತೊಡಗಿದಳು. ಬಟ್ಟೆ ನಾವೇ ಕಳಿಸುತ್ತೇವೆ ಎಂದಳು. ಮಷೀನು ಮಾರುವ ಮಾತು ಬಂದಾಗ ಗದರಿದಳು. ಆಕೆ ಏನೋ ಕೇಳಿದಳು, ಇವಳು ಮೆಲ್ಲಗೆ ನಕ್ಕಳು, ಮತ್ತೆ ಮೊದಲಿನಿಂದ ವಿವರಿಸಿದಳು. ತಂಗಿ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು. ಅಕ್ಕನಿಗೆ ಇಷ್ಟು ಚೆನ್ನಾಗಿ ಮಾತಾಡಲು ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.