ಗಂಡನ ಕೆಲಸಕ್ಕೆ ನನ್ನ ಬೀಗ

ನಮ್ಮ ಸಾಬೂನು ಕಾರ್ಖಾನೆಯ ಹೊಸ ಶೆಡ್ಡಿನ ವೈರಿಂಗ್ ಕೆಲಸವನ್ನು ಹೊರಗಿನ ಕಂಟ್ರಾಕ್ಟರಿಗೆ ಕೊಟ್ಟಿದ್ದಾರೆಂದು ಕೇಳಿಯೇ ನನಗೆ ಮೈ ಉರಿದುಹೋಗಿತ್ತು. ಅವರ ಕಡೆಯ ಮುಂದಾಳಾಗಿ ನನ್ನ ಗಂಡನೇ ಬಂದು ನಿಂತಾಗ ಇನ್ನೇನು ಹೇಳಲಿ! ನಮ್ಮ ಸ್ವಿಚ್ ರೂಮನ್ನೂ ಅವರಿಗೇ ವಹಿಸುವ ಯೋಚನೆ ಮ್ಯಾನೇಜರರದು. ಅದೂ ಹೋದರೆ ನಮ್ಮ ಎಲೆಕ್ಟ್ರಿಕಲ್ ವಿಭಾಗಕ್ಕೆ ಕೆಲಸವೇ ಇಲ್ಲ.

"ಅವರಿಗೆ ಒಂದು ಮೊಳೆ ಕೂಡ ಕೊಡಬಾರದು," ಎಂದರು ನಮ್ಮ ಮೇಸ್ತ್ರಿ. ಅವರನ್ನು ನಾವೆಲ್ಲ ದೊಡ್ಡಪ್ಪ ಅನ್ನುತ್ತೇವೆ. ಎಲ್ಲರಿಗಿಂತ ಜೋರಾಗಿ ಹೂಂಗುಟ್ಟಿದವಳು ನಾನೇ. ಮನೆಯಲ್ಲಿ ಗಂಡನಿಗೆ ಬಡಿಸಿ, ಇಲ್ಲಿ ಮುಖ ತಿರುಗಿಸಿಕೊಂಡು ಓಡಾಡಿದೆ. ಅವರಿಗೋ ನಗು.

ನಮ್ಮಲ್ಲೊಂದು ಕಟ್ಟುನಿಟ್ಟಿನ ಪದ್ಧತಿಯಿದೆ. ತಂತಿ ಮುಟ್ಟುವವರು ಮೇನ್ ಸ್ವಿಚ್ ಆರಿಸಿ, ಅದಕ್ಕೆ ತಮ್ಮ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಅವರೇ ತೆಗೆಯುವ ತನಕ ಯಾರೂ ಕರೆಂಟು ಕೊಡುವಂತಿಲ್ಲ.

ಅವತ್ತು ಶೆಡ್ಡಿನಲ್ಲಿ ನೋಡಿದರೆ ನಮ್ಮ ಯಜಮಾನರು ಏಣಿಯ ಮೇಲಿದ್ದಾರೆ, ಆರಿಸಿದ ಸ್ವಿಚ್ಚಿಗೆ ಬೀಗವೇ ಇಲ್ಲ!

"ಬೀಗ ಎಲ್ರೀ?"

"ಮನೇಲೇ ಮರೆತುಬಂದೆ. ಇನ್ನೇನು ಮುಗೀತು, ನೀ ಹೋಗೇ."

"ಹೋಗೋದಾ? ಗೊತ್ತಿಲ್ಲದೆ ಯಾರಾದ್ರೂ ಸ್ವಿಚ್ ಹಾಕಿದ್ರೆ ನನ್ನ ಗತಿ ಏನು?"

ಸಿಟ್ಟು ನೆತ್ತಿಗೇರಿತ್ತು. ನನ್ನ ಬೀಗವನ್ನೇ ಜಡಿದು, ಏಣಿ ಹತ್ತಿ ಕೀಲಿಯನ್ನು ಅವರ ಜೇಬಿಗೆ ತುರುಕಿದೆ. ಇಳಿದು ತಿರುಗಿದರೆ ಬಾಗಿಲಲ್ಲಿ ದೊಡ್ಡಪ್ಪ! ಕೊಟ್ಟ ಮಾತು ಮುರಿದು ಸಿಕ್ಕಿಬಿದ್ದಿದ್ದೆ.

ಅವರು ಏಣಿ ನೋಡಿದರು, ಬೀಗ ನೋಡಿದರು. ಆಮೇಲೆ ಜೇಬಿನಿಂದ ತಮ್ಮ ಬೀಗವನ್ನೂ ತೆಗೆದು ಅದರ ಪಕ್ಕಕ್ಕೆ ಹಾಕಿದರು. "ಮೇಲಿರೋದು ನಮ್ಮನೆ ಅಳಿಯ. ಜಗಳ ಏನಿದ್ರೂ ಇಳಿದ ಮೇಲೆ," ಎಂದರು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. "ಹೊರಗಿನವರ ಕೆಲಸಕ್ಕೆ ನಿಮ್ಮ ಬೀಗ ಯಾಕ್ರೀ? ತೆಗೀರಿ, ಕರೆಂಟು ಬೇಕು."

"ಅವರು ಇಳೀಲಿ ಸಾರ್," ಎಂದರು ದೊಡ್ಡಪ್ಪ, ಜಗ್ಗದೆ.

ಏಣಿಯ ಮೇಲಿಂದ ನಮ್ಮವರು ಹೇಳಿದರು: "ಸಾರ್, ಶೆಡ್ ನಾವು ಮುಗಿಸಿಕೊಡ್ತೀವಿ. ಸ್ವಿಚ್ ರೂಮು ಮಾತ್ರ ನಮಗೆ ಬೇಡ, ಇವರ ಹತ್ರಾನೇ ಇರ್ಲಿ. ನಾನು ಸಂಜೆ ಮನೆಗೆ ಹೋಗ್ಬೇಕು."

ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ವಹಿಸಿಕೊಳ್ಳುವವರೇ ಒಲ್ಲೆನೆಂದ ಮೇಲೆ ಮ್ಯಾನೇಜರ್ ತಾನೇ ಏನು ಮಾಡಿಯಾರು? "ಆಯ್ತಪ್ಪ, ಹಾಗೇ ಆಗ್ಲಿ," ಎಂದು ಅವರೂ ನಗುತ್ತಲೇ ಹೊರಟರು.

ಸ್ವಿಚ್ ರೂಮು ನಮ್ಮದಾಗಿಯೇ ಉಳಿಯಿತು. ಆದರೂ ನನ್ನ ಗಂಡ ಏಣಿಯಿಳಿದು ನೆಲಕ್ಕೆ ಕಾಲಿಟ್ಟಾಗ ಆದಷ್ಟು ಸಂತೋಷ ನನಗೆ ಅದರಿಂದ ಆಗಲಿಲ್ಲ. ಅದನ್ನು ಅವರಿಗೆ ಹೇಳಲು ಹೋಗಲಿಲ್ಲ. ಮನೆ ಮುಟ್ಟುವ ತನಕ ಬೈದೆ.